ನಾಲ್ಕನೇ ನಂಬರಿನ ನಗು

ಮೊದಲನೇ ದಿನ ಬೆಳಿಗ್ಗೆ, ಸಭಾಂಗಣದ ಬಾಗಿಲು ಜನಕ್ಕೆ ತೆರೆಯುವ ಮೊದಲೇ, ನಾವು ಒಂದು ಖಾಲಿ ಕುರ್ಚಿಯ ಸಂದರ್ಶನ ಮಾಡಿ ಮುಗಿಸಿದೆವು.

ಕುರ್ಚಿಯ ಎದುರಿಗೆ ಚಾನೆಲ್ಲಿನ ನಿರೂಪಕ ಕೂತಿದ್ದ. ಕೈಗೆ ಮೈಕು ಸಿಕ್ಕರೆ ಬಿಡುವ ಜಾತಿಯಲ್ಲ, ಅದಕ್ಕೇ ನನ್ನ ಹೆಂಡತಿ ಅವನಿಗೆ ಮೈಕಾಸುರ ಅಂತ ಹೆಸರಿಟ್ಟಿದ್ದಳು. ನಾನು ಕ್ಯಾಮೆರಾ ಹಿಂದೆ ನಿಂತು ಹೇಳುತ್ತಿದ್ದೆ, ಅವನು ಮಾಡುತ್ತಿದ್ದ.

"ಗಂಭೀರವಾಗಿ ತಲೆ ಆಡಿಸಪ್ಪ."

ಆಡಿಸಿದ.

"ಹುಬ್ಬು ಮೇಲೆ ಹೋಗ್ಲಿ. ನಿಂಗೆ ಆಶ್ಚರ್ಯ ಆಗಿದೆ."

"ಏನ್ ಕೇಳಿ ಆಶ್ಚರ್ಯ ಸರ್?"

"ಯಾವನಿಗ್ ಗೊತ್ತು? ಏರಿಸು ಸುಮ್ನೆ."

ಏರಿಸಿದ. ಆಮೇಲೆ ಗಲ್ಲ ಹಿಡಿದು ಯೋಚಿಸಿದ, ಹಲ್ಲು ಕಾಣುವ ಹಾಗೆ ನಕ್ಕ, 'ಅಬ್ಬಾ' ಅನ್ನುವಂತೆ ಬಾಯಿ ತೆರೆದ, ಕಣ್ಣು ಮುಚ್ಚಿ ಒಪ್ಪಿಕೊಂಡ. ಒಟ್ಟು ಆರು ಥರ. ಕೋಲೆ ಬಸವನಿಗೂ ಇಷ್ಟು ಬರುವುದಿಲ್ಲ.

ಇದು ನಮ್ಮ ಕಸುಬಿನ ಪದ್ಧತಿ, ಮೋಸ ಅಂತ ಯಾರೂ ಕರೆಯುವುದಿಲ್ಲ. ಮಾತಾಡುವವನು ಮಧ್ಯೆ ಕೆಮ್ಮುತ್ತಾನೆ, ಹೇಳಿದ್ದನ್ನೇ ಹೇಳುತ್ತಾನೆ. ಅಷ್ಟನ್ನು ಕತ್ತರಿಸಿ ಎರಡು ತುಂಡು ಜೋಡಿಸಿದರೆ ಅವನ ತಲೆ ಇದ್ದಕ್ಕಿದ್ದಂತೆ ಎಡದಿಂದ ಬಲಕ್ಕೆ ನೆಗೆದ ಹಾಗೆ ಕಾಣುತ್ತದೆ. ಆ ನೆಗೆತ ಮುಚ್ಚುವುದಕ್ಕೆ ಅಲ್ಲೊಂದು ಕಡೆ ಕೇಳುವವನು ತಲೆ ಆಡಿಸುವುದನ್ನು ಇಡಬೇಕು. ನಮ್ಮ ಹತ್ತಿರ ಇದ್ದದ್ದು ಒಂದೇ ಕ್ಯಾಮೆರಾ. ಮೂರು ದಿನಕ್ಕೆ ನಲವತ್ತು ಸಂದರ್ಶನ ಬೇಕು ಅಂದಿದ್ದ ಚಾನೆಲ್ ಧಣಿ. ಪ್ರತಿ ಸಲ ಕ್ಯಾಮೆರಾ ತಿರುಗಿಸಿಕೊಂಡು ಕೂರಲು ಯಾರಪ್ಪನಿಗೆ ಪುರುಸೊತ್ತು? ಆದ್ದರಿಂದ ತಲೆಯಾಡಿಸುವುದನ್ನೆಲ್ಲ ಒಂದೇ ಸಲ ಹಿಡಿದಿಟ್ಟುಕೊಂಡೆವು. ನನ್ನವಳು ಅವಕ್ಕೆ ಒಂದರಿಂದ ಆರರವರೆಗೆ ನಂಬರು ಕೊಟ್ಟು, ಡಬ್ಬಿಯಲ್ಲಿ ಬೇಳೆ ತುಂಬಿಟ್ಟ ಹಾಗೆ ಲ್ಯಾಪ್‌ಟಾಪಿನಲ್ಲಿ ತುಂಬಿಟ್ಟಳು. ಹಿಡಿಯುವವನು ನಾನು, ಕತ್ತರಿಸುವವಳು ಅವಳು. ಇಪ್ಪತ್ತೆರಡು ವರ್ಷ ಮದುವೆ ವಿಡಿಯೋ ಮಾಡಿದ ಜೋಡಿ. ನಗದ ಮಾವಂದಿರನ್ನು ನಗಿಸಿದವರು.

ಅದು ವಿಡಿಯೋ ಗೇಮ್ ತಯಾರಿಸುವವರ ದೊಡ್ಡ ವ್ಯಾಪಾರ ಮೇಳ. ಒಳಗೆ ಹೆಜ್ಜೆ ಇಟ್ಟರೆ ಒಂದು ಕಡೆ ಬಾಂಬು, ಇನ್ನೊಂದು ಕಡೆ ಕಾರು, ಮತ್ತೊಂದು ಕಡೆ ಹೆಣಗಳು ಎದ್ದು ಓಡುವ ಕೂಗು. ರಟ್ಟಿನ ಕತ್ತಿ ಹಿಡಿದ ಹುಡುಗಿಯರು, ತಗಡಿನ ಕವಚ ತೊಟ್ಟು ಬೆವರುತ್ತಿದ್ದ ಹುಡುಗರು. ಇವರ ನಡುವೆ ಇಸ್ತ್ರಿ ಕೋಟಿನ ಕಂಪನಿ ಮುಖ್ಯಸ್ಥರು. ಒಬ್ಬೊಬ್ಬರ ಕೋಟಿಗೂ ನಾನೇ ಮೈಕು ಸಿಕ್ಕಿಸಿದೆ. ಒಬ್ಬೊಬ್ಬರೂ ಹೇಳಿದ್ದು ಒಂದೇ: "ಇದು ಬರೀ ಆಟ ಅಲ್ಲ, ಇದೊಂದು ಅನುಭವ." ಹೆಣ ಓಡಿಸುವವನಿಗೂ ಅನುಭವ, ಚೆಂಡು ಒದೆಯುವವನಿಗೂ ಅನುಭವ. ಹಾಗಾದರೆ ಆಟ ಮಾಡಿದವನು ಯಾವನಯ್ಯಾ ಅಂತ ಕೇಳಬೇಕು ಅನ್ನಿಸಿತು. ಕೇಳುವ ಕೆಲಸ ನನ್ನದಲ್ಲ.

ಎರಡನೇ ದಿನ ನನ್ನವಳು ಒಂದು ಪರೀಕ್ಷೆ ಮಾಡಿದಳು. ಹೆಣದ ಕಂಪನಿಯವನಿಗೆ ಕೇಳಿದ ಪ್ರಶ್ನೆಗೆ ಕಾರಿನ ಕಂಪನಿಯವನ ಉತ್ತರ ಅಂಟಿಸಿ ಕಳಿಸಿದಳು. ಹತ್ತು ನಿಮಿಷಕ್ಕೆ ಧಣಿಯ ಸಂದೇಶ ಬಂತು: 'ಅದ್ಭುತ! ಇಂಥದ್ದೇ ಇನ್ನಷ್ಟು ಬೇಕು.' ಕಾರಿನವನೂ ಹೆಣದವನೂ ಇಬ್ಬರೂ ಅದನ್ನು ತಮ್ಮ ತಮ್ಮ ಪುಟದಲ್ಲಿ ಹಂಚಿಕೊಂಡರು. ಅಲ್ಲಿಂದ ಮುಂದೆ ನಾವು ಮಾತು ಕೇಳಿಸಿಕೊಳ್ಳುವುದನ್ನೇ ಬಿಟ್ಟೆವು. ತಪ್ಪು ಶುರುವಾದದ್ದು ಅಲ್ಲಿ.

ಮೂರನೇ ದಿನ ಮಧ್ಯಾಹ್ನ ಪಟ್ಟಿಯಲ್ಲಿ ಉಳಿದಿದ್ದದ್ದು ಒಂದೇ ಮಳಿಗೆ. ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ, ಮೂಲೆಯಲ್ಲಿ. ಒಂದು ಮೇಜು, ಒಂದು ಹಳೇ ಕಂಪ್ಯೂಟರು, ಎರಡು ಕುರ್ಚಿ. ನನ್ನ ವಯಸ್ಸಿನ ಒಬ್ಬ ಮನುಷ್ಯ ಎದ್ದು ನಿಂತು ಕೈ ಮುಗಿದರು. ಜೇಬಿನಲ್ಲಿ ಪೆನ್ಸಿಲ್ಲು. ಮೂರು ದಿನದಿಂದ ಅವರ ಹತ್ತಿರ ಬಂದವರೆಲ್ಲ ಶೌಚಾಲಯ ಎಲ್ಲಿ ಅಂತ ಕೇಳಿದವರೇ.

ಮೈಕಾಸುರ ಕೂತ. ಮೊಬೈಲು ತೊಡೆಯ ಮೇಲೆ ಇಟ್ಟುಕೊಂಡು, ಅದನ್ನು ನೋಡುತ್ತಲೇ ಕೇಳಿದ: "ನಿಮ್ಮ ಗೇಮ್ ಇವತ್ತಿನ ಯುವಜನರಿಗೆ ಏನ್ ಹೇಳುತ್ತೆ?"

"ಯುವಜನರಿಗೆ ಗೊತ್ತಿಲ್ಲ ಸರ್," ಅಂದರು ಅವರು. "ನಾನು ಕಟ್ಟಡದ ಆಫೀಸಲ್ಲಿ ಮನೆ ನಕ್ಷೆ ಬರೀತಿದ್ದೆ. ಇಪ್ಪತ್ತಾರು ವರ್ಷ. ನಮ್ಮಕ್ಕನಿಗೆ ಮರೆವಿನ ಕಾಯಿಲೆ ಬಂತು. ಅಡುಗೆಮನೆಗೆ ಅಂತ ಹೊರಟು ಬಚ್ಚಲಿಗೆ ಹೋಗೋಳು. ಆಮೇಲೆ ಬಚ್ಚಲೂ ಮರೀತು. ಅವಳ ತಲೇಲಿ ಮನೆ ಒಂದೊಂದೇ ಕೋಣೆ ಕಮ್ಮಿ ಆಗ್ತಾ ಇತ್ತು. ಅದರದ್ದೂ ನಕ್ಷೆ ಬರೆದೆ. ತಿಂಗಳಿಗೊಂದು. ಅದನ್ನೇ ಆಟ ಮಾಡಿದೀನಿ. ಆಡೋರು ಆ ಮನೇಲಿ ಅಕ್ಕನ ಕನ್ನಡಕ ಹುಡುಕಬೇಕು. ಒಂದು ಬಾಗಿಲು ತೆಗೆದು ಹೊರಗೆ ಬರೋ ಹೊತ್ತಿಗೆ ಇನ್ನೊಂದು ಕೋಣೆ ಇರಲ್ಲ, ಅಷ್ಟೇ."

ಮೈಕಾಸುರ ಮೊಬೈಲಿನಲ್ಲಿ ಏನೋ ಒತ್ತಿದ.

"ಒಂದಿನ ಅಕ್ಕನ ಮನೆಗೆ ಹೋದೆ ಸರ್. ಬಾಗಿಲು ತೆಗೆದು, 'ಕರೆಂಟಿನವರಾ? ಬನ್ನಿ ಬನ್ನಿ, ನಿನ್ನೆಯಿಂದ ಫ್ಯಾನ್ ತಿರುಗ್ತಿಲ್ಲ' ಅಂದ್ಲು. ಏನ್ ಮಾಡ್ಲಿ? ಸ್ಟೂಲ್ ಹಾಕ್ಕೊಂಡು ಹತ್ತಿದೆ. ಫ್ಯಾನ್ ಚೆನ್ನಾಗೇ ಇತ್ತು. ಕೆಳಗೆ ಸ್ಟೂಲ್ ಹಿಡ್ಕೊಂಡು ನಿಂತು, 'ಹುಷಾರು ಕಣಪ್ಪಾ, ನನ್ ತಮ್ಮನೂ ಹೀಗೇ, ಎತ್ತರ ಅಂದ್ರೆ ಕಾಲು ನಡುಗ್ತಾವೆ' ಅಂದ್ಲು."

ಅಲ್ಲಿಗೆ ಅವರು ನಿಲ್ಲಿಸಿದರು. ಕೆಮ್ಮಿದರು. ನಾನು ಯಾಕೋ ಕ್ಯಾಮೆರಾ ನಿಲ್ಲಿಸಲಿಲ್ಲ.

"ವಾವ್," ಅಂದ ಮೈಕಾಸುರ. "ಥ್ಯಾಂಕ್ಯೂ ಸರ್." ಎದ್ದು ಹೋದ.

ಕಾಲರಿನಿಂದ ಮೈಕು ಬಿಚ್ಚುವಾಗ ಅವರು ನನ್ನನ್ನು ಮೆಲ್ಲಗೆ ಕೇಳಿದರು: "ಇದು ದೊಡ್ಡ ಪರದೆ ಮೇಲೆ ಬರುತ್ತಾ ಸರ್?"

ಸಭಾಂಗಣದ ನಡುವೆ ಒಂದು ದೊಡ್ಡ ಪರದೆ. ಅದರ ಮುಂದೆ ಸೋಫಾ, ಕಾಫಿ. ಗೇಮ್ ಕೊಳ್ಳುವ ಕಂಪನಿಗಳವರು ಅಲ್ಲಿ ಕೂತು ನಮ್ಮ ವಿಡಿಯೋ ನೋಡಿ, ಯಾವ ಮಳಿಗೆಗೆ ಹೋಗಬೇಕು ಅಂತ ತೀರ್ಮಾನ ಮಾಡುತ್ತಿದ್ದರು.

"ಬರುತ್ತೆ. ಯಾಕೆ?"

"ಈ ಆಟ ಮಾಡೋಕೆ ಕೂತು ಏಳು ವರ್ಷ ಆಯ್ತು. ಕೊನೇ ಎರಡು ವರ್ಷ ಕೆಲಸಾನೂ ಬಿಟ್ಟಿದ್ದೆ. ಈ ಮೇಳದಲ್ಲಿ ಯಾರೂ ತಗೊಳ್ಳಲಿಲ್ಲ ಅಂದ್ರೆ ಸೋಮವಾರದಿಂದ ಹೆಂಡತಿ ಅಣ್ಣನ ಟೈಲ್ಸ್ ಅಂಗಡೀಲಿ ಕೂರ್ತೀನಿ ಅಂತ ಮನೇಲಿ ಮಾತು ಕೊಟ್ಟಿದೀನಿ. ಕಂಪ್ಯೂಟರ್ ಭಾವನ ಮಗಳಿಗೆ. ಇದೆಲ್ಲ ಅಳಿಸಿ ಕೊಡಬೇಕು."

ಮೇಳ ಮುಗಿಯುವುದು ಐದು ಗಂಟೆಗೆ. ಆಗ ಎರಡೂಕಾಲು.

ಪತ್ರಕರ್ತರ ಕೋಣೆಯಲ್ಲಿ ನನ್ನವಳು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಅವಳ ಇಯರ್‌ಫೋನ್ ಬೆಳಿಗ್ಗೆಯೇ ಕೆಟ್ಟಿತ್ತು, ಆ ಗದ್ದಲದಲ್ಲಿ ಅದಿಲ್ಲದೆ ಏನೂ ಕೇಳಿಸದು, ನನ್ನದು ನನ್ನ ಕಿವಿಯಲ್ಲಿತ್ತು. ನನ್ನ ಕಿವಿಯಲ್ಲಿ ಧಣಿ ಇದ್ದ, ನಲವತ್ತು ಎಲ್ಲಿ, ನಲವತ್ತು ಎಲ್ಲಿ ಅಂತ ಕಿರುಚುತ್ತಿದ್ದ.

"ರೀ, ಇಲ್ಲಿ ಕೆಮ್ಮು ಕತ್ತರಿಸಿದೀನಿ. ಯಾವ ತಲೆ ಹಾಕ್ಲಿ? ಒಂದ್ಸಲ ಕೇಳಿ ಹೇಳಿ."

"ಯಾವುದೋ ಒಂದು ಹಾಕೇ!"

"ಇಯರ್‌ಫೋನ್ ಕೊಡಿ ಹಾಗಾದ್ರೆ, ನಾನೇ ಕೇಳ್ತೀನಿ."

"ಇವನ ಬಾಯಿ ಮುಚ್ಚಿಸೋದು ಬೇಡ್ವಾ? ಸಾವಿರ ಸಲ ಹಾಕಿದೀಯ, ಇದೊಂದು ದೊಡ್ಡ ವಿಷಯಾನಾ? ಹಾಕಿ ಕಳಿಸು!"

ಸಿಟ್ಟಿನಲ್ಲಿ ಅವಳು ಒಂದು ಗುಂಡಿ ಒತ್ತಿದಳು. ಕಳಿಸಿದಳು.

ಮೂರು ಗಂಟೆಗೆ ಪರದೆಯ ಮೇಲೆ ಬಂತು. ನಾನು ಕಾಫಿ ಹಿಡಿದು ಹಿಂದೆ ನಿಂತಿದ್ದೆ. ನಕ್ಷೆಯವರು ಮಳಿಗೆ ಬಿಟ್ಟು ಬಂದು, ಕೈ ಕಟ್ಟಿಕೊಂಡು ಕಂಬದ ಪಕ್ಕ ನಿಂತಿದ್ದರು. 'ಎತ್ತರ ಅಂದ್ರೆ ಕಾಲು ನಡುಗ್ತಾವೆ ಅಂದ್ಲು.' ಆ ಮಾತು ಮುಗಿಯುತ್ತಿದ್ದ ಹಾಗೆ ಪರದೆಯ ತುಂಬಾ ಮೈಕಾಸುರನ ಮುಖ. ಹಲ್ಲೆಲ್ಲಾ ಕಾಣುವ ಹಾಗೆ ನಗುತ್ತಿದ್ದಾನೆ. ನಾಲ್ಕನೇ ನಂಬರು. ಆರು ಸೆಕೆಂಡು.

ಸೋಫಾದ ಮೇಲಿದ್ದವರೆಲ್ಲ ನಕ್ಕರು. ಅವರ ತಪ್ಪೇನು? ಕೇಳುವವನೇ ನಕ್ಕರೆ ಅದು ನಗುವ ಮಾತು ಇರಬೇಕು. ನಕ್ಷೆಯವರು ಪರದೆ ನೋಡುತ್ತಿರಲಿಲ್ಲ, ನಗುವವರನ್ನು ನೋಡುತ್ತಿದ್ದರು.

ಓಡಿ ಹೋಗಿ ನನ್ನವಳಿಗೆ ಹೇಳಿದೆ. ಅವಳ ಮುಖ ಬಿಳಿಚಿತು. ಮರುಕ್ಷಣ ಕೆಂಪಗಾಯಿತು.

"ಕೇಳಿ ಅಂತ ಬಡ್ಕೊಂಡೆ. 'ಯಾವುದೋ ಒಂದು' ಅಂದೋರು ಯಾರು?"

"ನಾಲ್ಕೇ ಬೇಕಿತ್ತಾ ನಿಂಗೆ? ಗಂಭೀರದ್ದು ಇರ್ಲಿಲ್ವಾ?"

"ಆ ಮನುಷ್ಯ ಅಲ್ಲಿ ನಗ್ತಾ ಇದ್ರು ರೀ! ಮಾತು ಕೇಳಿಸ್ತಿರ್ಲಿಲ್ಲ, ಮುಖ ಕಾಣಿಸ್ತಿತ್ತು. ನಗ್ತಿದ್ರು, ನೋಡಿ ಬೇಕಾದ್ರೆ."

ನೋಡಿದೆ. ಹೌದು, ತುಟಿಯ ತುದಿಯಲ್ಲಿ ಒಂದು ನಗು ಇತ್ತು. ನಾನೇ ಹಿಡಿದದ್ದು, ನಾನೇ ಗಮನಿಸಿರಲಿಲ್ಲ.

ಮೂಲೆ ಮಳಿಗೆಗೆ ಹೋದೆ. ಅಲ್ಲಿ ಆಗಲೇ ಒಬ್ಬ ಮೇಡಂ ನಿಂತಿದ್ದರು. ಕೊರಳಲ್ಲಿ ದೊಡ್ಡ ಕಂಪನಿಯ ಗುರುತಿನ ಚೀಟಿ, ಕೈಯಲ್ಲಿ ಒಪ್ಪಂದದ ಅರ್ಜಿ. ಮೂರು ದಿನ ಎಲ್ಲರೂ ಅವರ ಹಿಂದೆ ಬಾಲದ ಹಾಗೆ ಓಡಾಡುತ್ತಿದ್ದರು, ಖರೀದಿ ಮೇಡಂ ಅಂತಲೇ ಹೆಸರು.

"ಮುದುಕಿ ಕ್ಯಾರೆಕ್ಟರ್ ಸೂಪರ್," ಅನ್ನುತ್ತಿದ್ದರು. "ಹಾಸ್ಯದ ಗೇಮಿಗೆ ಈಗ ಒಳ್ಳೇ ಬೇಡಿಕೆ. ನಾನು ಇವತ್ತೇ ತಗೋತೀನಿ. ಆದ್ರೆ ಪ್ರತಿ ಬಾಗಿಲಿಗೂ ಒಂದೊಂದು ಜೋಕು ಬೇಕು. ಮುದುಕಿ ಜಾರಿ ಬೀಳ್ಲಿ."

"ಬಿದ್ದಿದ್ದಾಳೆ ಮೇಡಂ," ಅಂದರು ನಕ್ಷೆಯವರು. "ಸೊಂಟದ ಮೂಳೆ ಮುರೀತು."

"ಹಾಂ, ಅದೇ! ಅದನ್ನೇ ಹಾಕಿ. ಟೊಂಯ್ ಅಂತ ಒಂದು ಸೌಂಡ್ ಕೊಟ್ರೆ ಆಯ್ತು. ನೀವು ಸೈನ್ ಹಾಕಿ. ನಾಲ್ಕೂವರೆಗೆ ಬಂದು ತಗೊಂಡು ಹೋಗ್ತೀನಿ."

ಅವರು ಹೋದ ಮೇಲೆ ನಾನು ನಿಂತ ಜಾಗದಲ್ಲೇ ಒಪ್ಪಿಕೊಂಡೆ. ಖಾಲಿ ಕುರ್ಚಿ, ಆರು ನಂಬರು, ಕೆಟ್ಟ ಇಯರ್‌ಫೋನು, ನನ್ನ ಹಾಳು ಸಿಟ್ಟು, ಎಲ್ಲಾ ಹೇಳಿದೆ. ಬೈಯಲಿ ಅಂತ ಕಾದೆ. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

"ಅಂದ್ರೆ ಆ ನಿರೂಪಕರು ನಕ್ಕಿದ್ದು ನನ್ ಮಾತಿಗಲ್ಲ?"

"ಅಲ್ಲ. ಕುರ್ಚಿಗೆ."

ಅವರು ಅರ್ಜಿಯನ್ನು ಮೇಜಿನ ಮೇಲೆ ನೇರವಾಗಿ ಇಟ್ಟರು, ನಕ್ಷೆಯ ಹಾಳೆ ಇಡುವ ಹಾಗೆ. "ಸೈನ್ ಹಾಕಿದ್ರೆ ಸೋಮವಾರ ಟೈಲ್ಸ್ ಇಲ್ಲ. ಆದ್ರೆ ಅಕ್ಕ ಜಾರಿ ಬೀಳೋದನ್ನ ನಾನೇ ಕೂತು ಬರೀಬೇಕಲ್ಲ ಸರ್. ಯಾವ ಕಾಲು ಮೊದಲು ಜಾರ್ತು ಅಂತ ನಂಗೆ ಗೊತ್ತು."



"ಆಟ ಆಡಿ ನೋಡಿದ್ರಾ ಆಯಮ್ಮ?" ಅಂದೆ.

"ಇಲ್ಲ. ಮೂರು ದಿನದಲ್ಲಿ ಯಾರೂ ಆಡಿಲ್ಲ."

ನಾಲ್ಕೂ ಇಪ್ಪತ್ತೆಂಟಕ್ಕೆ ಖರೀದಿ ಮೇಡಂ ಬಂದು ಕೈ ಚಾಚಿದರು. ನಕ್ಷೆಯವರು ಅರ್ಜಿ ಕೊಡಲಿಲ್ಲ. "ಮೇಡಂ, ಒಂದ್ಸಲ ಆಡಿ. ಆಮೇಲೂ ಹಾಸ್ಯ ಅಂತ ಅನ್ನಿಸಿದ್ರೆ ಸೈನ್ ಹಾಕ್ತೀನಿ."

"ಅಯ್ಯೋ, ನಾನು ಆಡಲ್ಲ ಇವರೇ. ಹನ್ನೊಂದು ವರ್ಷದಿಂದ ಗೇಮ್ ಖರೀದಿ ಮಾಡ್ತಿದೀನಿ, ಒಂದೂ ಆಡಿಲ್ಲ. ವಿಡಿಯೋ ನೋಡಿದ್ನಲ್ಲ, ಸಾಕು."

ಇಲ್ಲಿ ನನ್ನ ತಲೆ ಕೆಟ್ಟಿತು.

"ಆ ವಿಡಿಯೋ ಮಾಡಿದೋನು ನಾನು," ಅಂದೆ. "ಆ ನಗು ಮೊನ್ನೆ ಬೆಳಿಗ್ಗೆ ಹಿಡಿದದ್ದು, ಎದುರಿಗೆ ಇದ್ದದ್ದು ಖಾಲಿ ಕುರ್ಚಿ. ಅದನ್ನ ನೋಡಿ ನೀವು ಕೊಳ್ಳೋಕೆ ಬಂದಿದೀರ. ತರಕಾರಿ ತಗೊಳ್ಳೋರೂ ಬದನೆಕಾಯಿ ತಿರುಗಿಸಿ ಹುಳ ನೋಡ್ತಾರೆ ತಾಯಿ! ಕೂತ್ಕೊಳ್ಳಿ. ಆಡಿ."

"ಯಾರ್ರೀ ನೀವು, ನನ್ನ ಗದರಿಸೋಕೆ?"

"ಯಾರೂ ಅಲ್ಲ. ಕ್ಯಾಮೆರಾದವನು. ಕೂತ್ಕೊಳ್ಳಿ."

ಸುತ್ತ ನಾಲ್ಕು ಜನ ತಿರುಗಿ ನೋಡಿದರು. ಮರ್ಯಾದೆಗೆ ಅಂಜಿದರೋ, ಇಡೀ ದಿನ ಹೈಹೀಲ್ಡಿನ ಮೇಲೆ ನಿಂತು ಕಾಲು ನೋಯುತ್ತಿತ್ತೋ, ಕೂತರು. "ಐದೇ ನಿಮಿಷ," ಅಂದರು. ನಕ್ಷೆಯವರು ಕೀಬೋರ್ಡಿನಲ್ಲಿ ಯಾವುದು ಮುಂದೆ, ಯಾವುದು ಬಾಗಿಲು ಅಂತ ತೋರಿಸಿ ಹಿಂದೆ ಸರಿದರು.

ಪರದೆಯ ಮೇಲೆ ಒಂದು ಸಾಧಾರಣ ಮನೆ. ನೀರು ತೊಟ್ಟಿಕ್ಕುವ ನಲ್ಲಿ, ಗೋಡೆಯ ಮೇಲೆ ನಿಂತುಹೋದ ಗಡಿಯಾರ. ಖರೀದಿ ಮೇಡಂ ಒಂದು ಕೋಣೆಗೆ ಹೋದರು, ಮೇಜಿನ ಕೆಳಗೆ ನೋಡಿದರು, ಹೊರಬಂದರು. ಪಕ್ಕದ ಬಾಗಿಲು ಇದ್ದ ಕಡೆ ಗೋಡೆ. "ಇಲ್ಲೊಂದು ಬಾಗಿಲಿತ್ತಲ್ಲ?" ಅಂದರು. ಫ್ಯಾನಿನ ಕೋಣೆ ಬಂತು, ಅಕ್ಕನ ದನಿ ಕೇಳಿತು, ತಮ್ಮನ ಕಾಲು ನಡುಗುವ ಮಾತು ಬಂತು. ಮೇಡಂ ಕಿಸಕ್ಕನೆ ನಕ್ಕರು. ನಿಜವಾದ ನಗು. ನಕ್ಕು, ನಕ್ಷೆಯವರ ಕಡೆ ತಿರುಗಿ, ತಪ್ಪು ಮಾಡಿದವರ ಹಾಗೆ ಬಾಯಿ ಮುಚ್ಚಿಕೊಂಡರು.

"ಪರವಾಗಿಲ್ಲ ಮೇಡಂ. ಆ ದಿನ ಸ್ಟೂಲ್ ಮೇಲೆ ನಾನೂ ನಕ್ಕಿದ್ದೆ. ಕೆಳಗೆ ಇಳಿಯೋಕಾಗ್ಲಿಲ್ಲ ಅಷ್ಟೇ."

ಅಷ್ಟರಲ್ಲಿ ನನ್ನವಳು ಬಂದಳು. ನನ್ನ ಕಿವಿಯಲ್ಲಿ ಹೇಳಿದಳು: "ಆ ನಗು ಕಿತ್ತು ಹಾಕಿ ಬೇರೆ ಕಳಿಸಿದೀನಿ."

"ಅದರ ಜಾಗಕ್ಕೆ ಏನ್ ಹಾಕ್ದೆ?"

"ಏನೂ ಇಲ್ಲ. ಆರೂ ತಲೆ ಇಟ್ಟು ನೋಡಿದೆ ರೀ. ಒಂದರಲ್ಲೂ ಕೇಳಿಸ್ಕೊಳ್ಳೋ ಮುಖ ಇಲ್ಲ. ಅವರ ಮುಖಾನೇ ಬಿಟ್ಟೆ, ಕೆಮ್ಮೂ ಇದೆ."

"ಧಣಿ ಕುಣೀತಾನೆ."

"ಕುಣೀಲಿ. ತಾಳ ಹಾಕೋಕೆ ನೀವಿದೀರಲ್ಲ."

ಐದಕ್ಕೆ ಐದು ನಿಮಿಷ ಇರುವಾಗ ಸೀಟಿ ಊದುತ್ತಾ ಸಭಾಂಗಣದ ಮೇಲ್ವಿಚಾರಕ ಬಂದ. ಅತ್ತ ಬಾಂಬು ನಿಂತವು, ಕಾರು ನಿಂತವು. ಕೆಲಸದವರು ನೆಲಹಾಸು ಸುತ್ತಿಕೊಂಡು ನಮ್ಮ ಕಡೆಗೇ ಬರುತ್ತಿದ್ದರು. ಆಟದ ಮನೆಯಲ್ಲಿ ಆಗ ಉಳಿದಿದ್ದದ್ದು ಮೂರು ಕೋಣೆ.

"ಮುಗೀತು, ಮುಗೀತು. ಈ ಸಾಲಿನ ಪವರ್ ತೆಗೀತಿದೀನಿ."

"ಮೇಡಂ ಆಡ್ತಿದಾರೆ," ಅಂದೆ.

"ಆಡೋದು ಮನೇಲಿ ಆಡ್ಲಿ. ಐದು ಅಂದ್ರೆ ಐದು."

ಪ್ಲಗ್ಗು ಇದ್ದ ಡಬ್ಬಿಯ ಕಡೆ ಅವನು ಬಗ್ಗಿದ. ನಾನು ಡಬ್ಬಿಯ ಮೇಲೆ ಕೂತುಬಿಟ್ಟೆ.

"ಏಳ್ರೀ ಮೇಲೆ!"

"ಏಳಲ್ಲ."

"ಕಂಪ್ಲೇಂಟ್ ಬರೀತೀನಿ."

"ಬರಿ. ನನ್ ಹೆಸರು ತಪ್ಪಿಲ್ಲದೆ ಬರಿ. ಅಲ್ಲೀವರೆಗೂ ನಿಂಗೆ ಕೆಲಸ ಇರುತ್ತೆ."

"ನಿಮ್ಮ ಯಜಮಾನ್ರು ಯಾವಾಗ್ಲೂ ಹೀಗೇನಾ ಅಮ್ಮಾ?" ಅಂತ ಅವನು ನನ್ನವಳನ್ನು ಕೇಳಿದ.

"ಇವತ್ತು ಎಷ್ಟೋ ವಾಸಿ," ಅಂದಳು ಅವಳು.

ನಮ್ಮ ಜಗಳ ಖರೀದಿ ಮೇಡಮ್ಮಿಗೆ ಕೇಳಿಸಲೇ ಇಲ್ಲ. ಅವರ ಮೊಬೈಲು ಎರಡು ಸಲ ಹೊಡೆದುಕೊಂಡು ತಾನಾಗಿ ಸುಮ್ಮನಾಯಿತು. ಕೆಲಸದವರು ಅವರ ಕುರ್ಚಿಯ ಸುತ್ತಲಿನ ನೆಲಹಾಸು ಕತ್ತರಿಸಿ, ಕುರ್ಚಿಯಡಿಯ ತುಂಡನ್ನು ಬಿಟ್ಟು ಮುಂದೆ ಹೋದರು. ಕೊನೆಗೆ ಒಂದೇ ಕೋಣೆ ಉಳಿಯಿತು. ಅದಕ್ಕೆ ಬಾಗಿಲೂ ಇಲ್ಲ. ಅಕ್ಕ ಕಿಟಕಿಯ ಪಕ್ಕ ಕೂತಿದ್ದಾಳೆ, ಬೆನ್ನು ಮಾತ್ರ ಕಾಣುತ್ತದೆ. ಆಟ ಅಲ್ಲಿಗೆ ನಿಂತಿತು.

ಮೇಡಂ ಸ್ವಲ್ಪ ಹೊತ್ತು ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ.

"ಕನ್ನಡಕ ಎಲ್ಲಿರುತ್ತೆ?"

"ಗೊತ್ತಿಲ್ಲ ಮೇಡಂ. ನಮಗೂ ಸಿಗಲಿಲ್ಲ."

ನಾನು ಡಬ್ಬಿಯ ಮೇಲಿಂದ ಎದ್ದೆ. ಮೇಲ್ವಿಚಾರಕ ಪ್ಲಗ್ಗು ಕೀಳಲಿಲ್ಲ, ಅವನೂ ಪರದೆ ನೋಡುತ್ತಿದ್ದ.

ಮೇಡಂ ಅರ್ಜಿ ಎಳೆದುಕೊಂಡರು. ಅದರಲ್ಲಿ ಗೇಮು ಯಾವ ಬಗೆಯದು ಅಂತ ಗುರುತು ಹಾಕಲು ಸಾಲಾಗಿ ಚೌಕಗಳಿದ್ದವು: ಹೊಡೆದಾಟ, ರೇಸು, ಒಗಟು, ಹಾಸ್ಯ, ಭಯ, ಇತರೆ. 'ಹಾಸ್ಯ'ದ ಮುಂದೆ ತಾವೇ ಹಾಕಿದ್ದ ಗುರುತನ್ನು ಗೀಚಿ ಹೊಡೆದರು. ಪೆನ್ನು ಹಿಡಿದು ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿದರು.

"ಯಾವುದಕ್ಕೂ ಸೇರಲ್ಲ. ಗುರುತು ಇಲ್ದೆ ಇದ್ರೆ ಕಂಪ್ಯೂಟರ್ ತಗೊಳ್ಳಲ್ಲ," ಅಂದರು. "ಇತರೆ ಹಾಕ್ಬಹುದು. ಆದ್ರೆ ನಿಜ ಹೇಳ್ತೀನಿ, ಇತರೆ ಅಂದ್ರೆ ಜಾಹೀರಾತು ಇಲ್ಲ, ದೊಡ್ಡ ಪೋಸ್ಟರ್ ಇಲ್ಲ, ಪಟ್ಟಿಯ ಕೊನೇ ಪುಟದಲ್ಲಿ ಇರುತ್ತೆ. ಹಾಸ್ಯ ಅಂದಿದ್ರೆ ಮೊದಲನೇ ಪುಟ. ಇತರೇಲಿ ನಿಮಗೆ ಒಂದು ವರ್ಷ ಮನೆ ನಡೆಯುತ್ತೆ, ಅಷ್ಟೇ."

"ಅಕ್ಕ ಜಾರೋದು ಬೇಡ್ವಲ್ಲ?"

"ಬೇಡ."

"ಟೊಂಯ್?"

"ಅದೂ ಬೇಡ."

ನಕ್ಷೆಯವರು ಜೇಬಿನಿಂದ ಪೆನ್ಸಿಲ್ಲು ತೆಗೆದರು. "ಪೆನ್ಸಿಲ್ಲಲ್ಲಿ ಆಗಲ್ಲ ಇವರೇ," ಅಂತ ಮೇಡಂ ತಮ್ಮ ಪೆನ್ನು ಕೊಟ್ಟರು. ಅವರು ನಿಧಾನವಾಗಿ, ಒಂದು ಗೆರೆಯೂ ವಕ್ರವಾಗದ ಹಾಗೆ ಸೈನ್ ಹಾಕಿದರು. ಆಮೇಲೆ ಮನೆಗೆ ಫೋನು ಹಚ್ಚಿ ಹೆಂಡತಿಗೆ ಹೇಳಿದರು: "ಏಯ್, ನಿಮ್ಮಣ್ಣನಿಗೆ ಹೇಳು, ಸೋಮವಾರ ಬರೋಕಾಗಲ್ಲ ಅಂತ... ಹೌದು, ತಗೊಂಡ್ರು... ಯಾವ ಥರದ ಗೇಮಾ? ಇತರೆ... ಇತರೆ ಕಣೇ... ಅಂದ್ರೆ ಏನು ಅಂತ ಮನೆಗೆ ಬಂದು ಹೇಳ್ತೀನಿ, ಇಲ್ಲಿ ಕರೆಂಟ್ ತೆಗೀತಿದಾರೆ."